ಕಾಶವ್ವ ಕಾಲೇಜಿನ ಮನೆ ನೋಡಿದ್ದು

ವಿಜಾಪುರದ ಕಡೆ ಹೆಣ್ಣು ಕೊಡುವ ಮೊದಲು ಮನೆ ನೋಡಿ ಬರುತ್ತಾರೆ. ಹೋದವರು ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಾರೆ. ನೀರಿನ ಜೊತೆ ಬೆಲ್ಲ ಬರುತ್ತದೋ ಇಲ್ಲವೋ, ತಂದುಕೊಡುವ ಸೊಸೆಯ ಮುಖ ಹೇಗಿದೆ, ಇಷ್ಟು ನೋಡಿದರೆ ಆ ಮನೆಯ ಅರ್ಧ ಚರಿತ್ರೆ ತಿಳಿದಂತೆಯೇ.

ಮುಂಬಯಿಯ ಸಯನ್ನಿನ ಚಾಳಿನಲ್ಲಿದ್ದ ಕಾಶವ್ವ ಈ ಪದ್ಧತಿಯನ್ನು ಒಮ್ಮೆ ಮಾತ್ರ ಬಿಟ್ಟಿದ್ದಳು, ಹಿರಿಯ ಮಗಳು ದಾನವ್ವನ ಮದುವೆಯಲ್ಲಿ. ಗಂಡ ಶಿವಪುತ್ರಪ್ಪ ಹತ್ತಿ ವ್ಯಾಪಾರದ ಪೇಢಿಯೊಂದರಲ್ಲಿ ಗುಮಾಸ್ತ. ರಜೆ ಸಿಗಲಿಲ್ಲ. "ಹೆಸರಿದ್ದ ಮನಿ, ನೋಡೂದೇನೈತಿ?" ಎಂದುಬಿಟ್ಟ. ಆ ಹೆಸರಿದ್ದ ಮನೆಯಲ್ಲಿ ದಾನವ್ವ ಜ್ವರ ಬಂದು ಮಲಗಿದಾಗ ಡಾಕ್ಟರನ್ನು ಕರೆಯುವವರು ಒಬ್ಬರೂ ಇರಲಿಲ್ಲ. ತಂತಿ ಬಂದು ಇವರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅಂಥ ಬುದ್ಧಿ ಯಾರಿಗೆ ಬೇಕು?

ಎಪ್ಪತ್ತಮೂರರಲ್ಲಿ ಕಿರಿಯವಳು ನೀಲಾ ಮ್ಯಾಟ್ರಿಕ್ಕಿನಲ್ಲಿ ಒಳ್ಳೆಯ ಮಾರ್ಕು ತೆಗೆದಳು. ಚರ್ಚ್‌ಗೇಟ್ ಕಡೆಯ ದೊಡ್ಡ ಕಾಲೇಜಿಗೇ ಹಾಕಿ ಎಂದು ಶಾಲೆಯ ಮಾಸ್ತರರು ಹೇಳಿದರು. ಶಿವಪುತ್ರಪ್ಪ ಹಿರಿಹಿರಿ ಹಿಗ್ಗಿದ. "ಹೆಸರಿದ್ದ ಕಾಲೇಜ!"

ಆ ಮಾತು ಕೇಳಿ ಕಾಶವ್ವನಿಗೆ ದಾನವ್ವ ನೆನಪಾದಳು. "ಮನಿ ನೋಡದ ನಾ ಕಳಸೂದಿಲ್ರಿ" ಎಂದಳು.

"ಅವ್ವಾ, ಕಾಲೇಜ್ ಅಂದ್ರ ಬೀಗರ ಮನಿ ಏನ? ಸಬ್ ಲೋಗ್ ನಗ್ತಾರ" ಎಂದಳು ನೀಲಾ.

"ನಕ್ರ ನಗಲಿ. ಕಳಕೊಂಡಾಕಿ ನಾ."

ಇನ್ನೊಂದು ಮನೆಯೂ ನೋಡಿರಲಿ ಎಂದು ತಾಯಿ ಮಗಳು ಮೊದಲು ವಿಲೆ ಪಾರ್ಲೆಯ ಸಾದಾ ಕಾಲೇಜಿಗೆ ಹೋದರು. ಗೋಡೆಯ ಸುಣ್ಣ ಉದುರಿತ್ತು. ಕಾಶವ್ವ ನೀರು ಕೇಳಿದರೆ ಪ್ಯೂನ್ ಗೊಣಗುತ್ತಲೇ ಗ್ಲಾಸು ಮುಂದೆ ಇಟ್ಟ. ಸಾಲಿನಲ್ಲಿ ನಿಂತಿದ್ದ ನೀಲಾ ಹಿಂದಿನ ಹುಡುಗಿಗೆ ಮರಾಠಿಯಲ್ಲಿ, "ಹೀ ಮಾಝೀ ಆಯೀ", ಇವಳು ನನ್ನ ಅವ್ವ, ಎಂದಳು. ಆ ಹುಡುಗಿ ಬಂದು ಕಾಶವ್ವನ ಪಕ್ಕದಲ್ಲೇ ಕೂತು ಊರು, ಕೇರಿ ಎಲ್ಲ ವಿಚಾರಿಸಿದಳು. ಆದರೂ ಕಾಶವ್ವನಿಗೆ ಪ್ಯೂನನ ಗೊಣಗಾಟವೇ ಮನಸ್ಸಿನಲ್ಲಿ ಉಳಿಯಿತು. ಬೆಲ್ಲ ಬೇಡ, ನಗುಮುಖವಾದರೂ ಬೇಡವೇ?

ಮರುದಿನ ಚರ್ಚ್‌ಗೇಟಿಗೆ. ಕಲ್ಲಿನ ಕಟ್ಟಡ, ಅಂಗಳದಲ್ಲಿ ತಂಪು ನೆರಳು. ಆಫೀಸಿನ ಹೆಂಗಸು ಎದ್ದು ಕುರ್ಚಿ ಕೊಟ್ಟಳು. ಪ್ಯೂನ್ ತಟ್ಟೆಯಲ್ಲಿಟ್ಟು ನೀರು ತಂದ. ಇಷ್ಟು ಮರ್ಯಾದೆ ಕಾಶವ್ವನಿಗೆ ಬೀಗರಲ್ಲೂ ಸಿಕ್ಕಿರಲಿಲ್ಲ. ಈ ಮನೆ ಆಯಿತು ಎಂದು ಸಂತೋಷದಿಂದ ಮಗಳತ್ತ ತಿರುಗಿದಳು.

ನೀಲಾ ವರಾಂಡದಲ್ಲಿ ಮೂವರು ಹುಡುಗಿಯರ ನಡುವೆ ನಿಂತಿದ್ದಳು. ಅವರ ಇಂಗ್ಲಿಷು ಹರಿಯುತ್ತಿತ್ತು, ಇವಳದು ತಡವರಿಸುತ್ತಿತ್ತು. ಒಬ್ಬಳು ಕಾಶವ್ವನ ಇಳಕಲ್ ಸೀರೆಯನ್ನೂ ಹಣೆಯ ವಿಭೂತಿಯನ್ನೂ ನೋಡಿ ಏನೋ ಕೇಳಿದಳು. ಅವಳ ಕಣ್ಣಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಸುಮ್ಮನೆ ಕೇಳಿದ್ದು. ನೀಲಾ ಹಿಂದಿಯಲ್ಲಿ, ಆತುರಾತುರವಾಗಿ, ಹೇಳಿದಳು: "ಪಡೋಸ್ ಕೀ ಮೌಸೀ ಹೈ. ಸಾಥ್ ಆಯೀ ಹೈ."

ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದ ಕಾಶವ್ವನಿಗೆ ಅಷ್ಟು ಹಿಂದಿ ಬಾರದೇ? ನೆರೆಮನೆಯ ಚಿಕ್ಕವ್ವನಂತೆ, ಜೊತೆಗೆ ಬಂದವಳಂತೆ! ಗ್ಲಾಸಿನಲ್ಲಿ ಉಳಿದ ನೀರನ್ನು ಅವಳು ಕುಡಿಯಲಾರದೆ ಹೋದಳು. ಲೋಕಲ್ ರೈಲಿನಲ್ಲಿ ತಾಯಿ ಮಗಳು ಎದುರುಬದುರು ಕೂತು ದಾದರಿನವರೆಗೂ ಕಿಟಕಿಯ ಹೊರಗೇ ನೋಡಿದರು.

ಸಂಜೆ ಶಿವಪುತ್ರಪ್ಪ ಊಟಕ್ಕೆ ಕೂತು ಕೇಳಿದ. "ಹೆಂಗೈತಿ ಮನಿ?"

ಕಾಶವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಭಾಳ ಚೊಲೊ ಐತ್ರಿ. ಕುರ್ಚಿ ಕೊಟ್ರು, ನೀರ ಕೊಟ್ರು. ಅಲ್ಲೇ ಕಳಸ್ರಿ." ಮಗಳು ಮುಂದೆ ಹೋಗಲಿ, ತಾನು ಆ ಬಾಗಿಲಿಗೆ ಇನ್ನೊಮ್ಮೆ ಹೋಗದಿದ್ದರೆ ಆಯಿತು ಎಂದು ದಾರಿಯಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ನೀಲಾ ತುತ್ತು ಕೈಯಲ್ಲೇ ಹಿಡಿದಿದ್ದಳು. "ಮನಿ ಚೊಲೊ ಐತಿ ಅಪ್ಪಾ. ಆದ್ರ ಅಲ್ಲಿ ನಾ ಚೊಲೊ ಇರೂದಿಲ್ಲ. ಪಾರ್ಲೆದಾಗ ಹೆಸರ ಹಚ್ಚು."

"ಯಾಕ? ಏನಾತು?" ಶಿವಪುತ್ರಪ್ಪ ಇಬ್ಬರ ಮುಖವನ್ನೂ ನೋಡಿದ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಕಾಶವ್ವ ಅದನ್ನು ತಿರುವಿಹಾಕುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು.