ಸಮುವೇಲಣ್ಣನ ಬಸ್ ದಾರಿ

ಕಳೆದ ಶನಿವಾರ ಬೆಳಿಗ್ಗೆ ಎಂಟಕ್ಕೆ ವೈಟ್‌ಫೀಲ್ಡಿನಲ್ಲಿ ಮೆಟ್ರೊ ಹತ್ತಿದೆ. ಹೋಗಬೇಕಾಗಿದ್ದದ್ದು ನಗರದ ಇನ್ನೊಂದು ತುದಿಯ ಬಾಗಲಗುಂಟೆಗೆ. ಅಲ್ಲಿ ನಮ್ಮ ಚರ್ಚಿನ ಸಮುವೇಲಣ್ಣ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಮಣ್ಣು ಮಾಡಿದ ದಿನ ನಾನು ಊರಿನಲ್ಲಿರಲಿಲ್ಲ. ಸಭೆಯ ಹಿರಿಯ ಅನ್ನಿಸಿಕೊಂಡವನು ಆ ಮನೆಗೆ ಇನ್ನೂ ಮುಖ ತೋರಿಸಿಲ್ಲವಲ್ಲ ಎಂದು ಮನಸ್ಸು ಕೊರೆಯುತ್ತಿತ್ತು.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಿ ದಾಸರಹಳ್ಳಿಯಲ್ಲಿ ಇಳಿದಾಗ ಒಂಬತ್ತೂವರೆ ದಾಟಿತ್ತು. ಟಿಕೆಟ್ಟಿಗೆ ತೊಂಬತ್ತು ರೂಪಾಯಿ, ಅರ್ಧ ದಾರಿ ನಿಂತೇ ಪ್ರಯಾಣ. ಮಂಡಿ ಹಿಡಿದುಕೊಂಡಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಈ ಕಡೆ ಮನೆ ಮಾಡಿದ ಮೇಲೂ ಸಮುವೇಲಣ್ಣ ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ, ಬಸ್ಸಿನಲ್ಲಿ ವೈಟ್‌ಫೀಲ್ಡಿನ ನಮ್ಮ ಚರ್ಚಿಗೆ ಬಂದವರು. ಏಳೂವರೆಗೆಲ್ಲ ಬೆಂಚು ಒರೆಸುತ್ತಿದ್ದರು. ಮನೆಯಿಂದ ಐದು ನಿಮಿಷ ನಡೆಯಬೇಕಾದ ನಾನು ಎರಡನೆಯ ಹಾಡಿಗೆ ತಲುಪುವ ಆಸಾಮಿ! ಮೆಟ್ರೊ ಬಂದ ಮೇಲೂ ಅವರು ಬಸ್ಸು ಬಿಡಲಿಲ್ಲ. "ಏನಣ್ಣ, ಬಸ್ಸನ್ನೇ ಮದುವೆ ಆಗ್ಬಿಟ್ಟಿದ್ದೀರಾ?" ಎಂದು ಕಾಲೆಳೆದವರಲ್ಲಿ ನಾನೇ ಮೊದಲಿಗ. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಆಟೋದವನು ಒಂದು ಸಣ್ಣ ಗಲ್ಲಿಯ ಬಾಯಿಗೆ ಬಿಟ್ಟ. ಎರಡನೆಯ ಮಹಡಿಯಲ್ಲಿ ಅವರ ಹೆಂಡತಿ ಸರೋಜಮ್ಮ ಒಬ್ಬರೇ ಇದ್ದರು. ಬೇಡವೆಂದರೂ ಉಪ್ಪಿಟ್ಟು, ಕಾಫಿ ಕೊಟ್ಟರು. ನಾನು ಬೈಬಲಿನ ಒಂದು ಕೀರ್ತನೆ ಓದಿ, ದಾರಿಯಲ್ಲಿ ಹೊಂದಿಸಿಕೊಂಡಿದ್ದ ಪ್ರಾರ್ಥನೆ ಒಪ್ಪಿಸಿದೆ. ಆ ಮಾತುಗಳು ನನಗೇ ಒಣಗಿದಂತೆ ಕೇಳಿಸಿದವು. ಮುಜುಗರ ಮುಚ್ಚಿಕೊಳ್ಳಲು, ಅಷ್ಟು ದೂರ ಬಸ್ಸಿನಲ್ಲೇ ಯಾಕೆ ಬರುತ್ತಿದ್ದರು ಎಂದು ಕೇಳಿದೆ.

"ನಿಮಗೆ ಹೇಳಿರ್ಲಿಲ್ವಾ ಜಯರಾಜಣ್ಣ? ಒಂದೊಂದು ಸ್ಟಾಪಿಗೆ ಚರ್ಚಿನ ಒಂದೊಂದು ಮನೆ ಇಟ್ಕೊಂಡಿದ್ರು. ಆ ಸ್ಟಾಪು ಬಂದ್ರೆ ಆ ಮನೆಯವರ ಹೆಸ್ರೆಲ್ಲಾ ಹೇಳಿ ಪ್ರಾರ್ಥನೆ ಮಾಡೋರು. ಮೆಟ್ರೋ ಓಡೋ ಸ್ಪೀಡಿಗೆ ಮುಗಿಯಲ್ಲ ಕಣೇ ಅನ್ನೋರು."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಬಿಇಎಲ್ ಸರ್ಕಲ್ ಯಾರದು, ನಾಗವಾರ ಯಾರದು, ಸರೋಜಮ್ಮ ಬಾಯಿಪಾಠವಾಗಿ ಹೇಳುತ್ತಾ ಹೋದರು. ಟಿನ್ ಫ್ಯಾಕ್ಟರಿ ಸ್ಟಾಪು, ಚರ್ಚಿಗೆ ಬರುವುದನ್ನೇ ಬಿಟ್ಟು ನಾವೆಲ್ಲ ಮರೆತಿದ್ದ ಒಬ್ಬ ಕುಡುಕನದು.

"ನಮ್ಮ ಮನೇದು?"

"ನಿಮ್ದು ಹೆಬ್ಬಾಳ. ಅಲ್ಲಿ ಬಸ್ ಬದಲಾಯಿಸೋಕೆ ಅರ್ಧ ಗಂಟೆ ಕಾಯ್ಬೇಕಲ್ಲ. ಅಕ್ಕ ಹೋದ್ಮೇಲೆ ಜಯರಾಜಣ್ಣಂಗೆ ಜಾಸ್ತಿ ಟೈಮ್ ಬೇಕು ಅಂತ ಅಲ್ಲಿಗೆ ಹಾಕಿದ್ರು."

ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಅಷ್ಟೂ ಭಾನುವಾರ, ನಾನಿನ್ನೂ ಮುಸುಕೆಳೆದು ಮಲಗಿರುವಾಗ, ಆ ಹೊಗೆ ಧೂಳಿನಲ್ಲಿ ಒಬ್ಬ ಮನುಷ್ಯ ನನಗಾಗಿ ನಿಂತಿದ್ದ.

"ನಿಮ್ಮ ಮನೆಗೆ ಯಾವ ಸ್ಟಾಪು ಅಕ್ಕ?"

"ನಾನೂ ಕೇಳಿದ್ದೆ. ನಮಗೋಸ್ಕರ ಪ್ರಾರ್ಥನೆ ಮಾಡೋಕೆ ಚರ್ಚಲ್ಲಿ ಅಷ್ಟೊಂದು ಜನ ಇದಾರಲ್ಲೇ, ಅಂದ್ಬಿಟ್ರು."

ಪ್ರತಿ ವಾರ ಆರಾಧನೆಯಲ್ಲಿ, ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಪಟ್ಟಿ ಓದುವವನು ನಾನು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸಮುವೇಲಣ್ಣನ ಮನೆಯವರ ಹೆಸರು ಓದಿದ ನೆನಪಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ಅದನ್ನು ಸರೋಜಮ್ಮನಿಗೆ ಹೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ಈಗ ಏನು ಕೇಳ್ಕೊಳ್ಳಲಿ ಅಕ್ಕ, ನಿಮಗೋಸ್ಕರ?"

"ಹನ್ನೆರಡು ದಿನದಿಂದ ನಿದ್ದೇನೇ ಇಲ್ಲ ಕಣಣ್ಣ. ಅದೊಂದು ಹೇಳಿ ದೇವರಿಗೆ."

ವಾಪಸ್ಸು ಮೆಟ್ರೊ ಹತ್ತಲು ಮನಸ್ಸಾಗಲಿಲ್ಲ. ದಾಸರಹಳ್ಳಿಯಲ್ಲಿ ಹೆಬ್ಬಾಳದ ಬಸ್ಸು ಹತ್ತಿ, ಸರೋಜಮ್ಮನ ಹೆಸರು ಹಿಡಿದು ಶುರುಮಾಡಿದೆ. ಎರಡು ಮಾತು ಮುಗಿಯುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಮುಂದಿನ ಸ್ಟಾಪುಗಳಲ್ಲಿ ನೆನಪಿದ್ದ ಮನೆಗಳ ಹೆಸರು ಹೇಳುತ್ತಾ ಹೋದೆ. ಕೆಲವು ತಪ್ಪಿಯೂ ಹೋದವು.

ಹೆಬ್ಬಾಳದಲ್ಲಿ ಇಳಿದಾಗ ನಡು ಮಧ್ಯಾಹ್ನದ ಬಿಸಿಲು. ಫ್ಲೈಓವರ್ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ವೈಟ್‌ಫೀಲ್ಡಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅದು ನನಗೆಂದು ಸಮುವೇಲಣ್ಣ ಎತ್ತಿಟ್ಟಿದ್ದ ಅರ್ಧ ಗಂಟೆ. ಪೂರ್ತಿಯಾಗಿ ಸರೋಜಮ್ಮನಿಗೆ ಕೊಟ್ಟುಬಿಟ್ಟೆ.