ಆಯ್ತು ಎಂದರೆ ಎಷ್ಟು ದಿನ?

‘ಆಯ್ತು’ ಎನ್ನುವ ಮಾತನ್ನು ನಾನು ಇಂದಿಗೂ ಫೋನಿನಲ್ಲಿ ಸ್ವಲ್ಪ ಹೆದರಿಕೊಂಡೇ ಹೇಳುತ್ತೇನೆ. ಒಪ್ಪಿದೆ ಎನ್ನಲೂ ಅದೇ, ಮುಗಿಯಿತು ಎನ್ನಲೂ ಅದೇ. ನಡುವಿನ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಆ ಪದ ಕೇಳುವುದೇ ಇಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಅಹಮದಾಬಾದಿನಲ್ಲಿ ಆರು ಜನರ ಸಾಫ್ಟ್‌ವೇರ್ ಕಂಪನಿ ನಮ್ಮದು. ಮಾಲೀಕರು ಮೈಸೂರಿನ ರಾಯರು. ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಸ್ಟಾಕನ್ನು ಕಂಪ್ಯೂಟರಿಗೆ ತರುವುದು ನನ್ನ ಮೊದಲ ಸ್ವತಂತ್ರ ಕೆಲಸ. ರಾಯರು ಪ್ರತಿ ಪರದೆ, ಪ್ರತಿ ವರದಿಯನ್ನು ಎಣಿಸಿ ಆರು ತಿಂಗಳೆಂದು ಎಸ್ಟಿಮೇಟ್ ಬರೆದರು. ನಾನೋ, ಅಜೈಲ್ ಎಂಬ ಹೊಸ ಮಂತ್ರವನ್ನು ಇಂಟರ್ನೆಟ್ಟಿನಲ್ಲಿ ಓದಿ ಬೀಗುತ್ತಿದ್ದೆ: ಎರಡು ವಾರಕ್ಕೊಮ್ಮೆ ಆದಷ್ಟು ತೋರಿಸೋಣ, ಮುಂದಿನದನ್ನು ಆಮೇಲೆ ಅಂದಾಜು ಮಾಡೋಣ.

“ಮುಹೂರ್ತ ಇಲ್ಲದ ಮದುವೆ ಕಣಯ್ಯಾ ಅದು,” ಎಂದರು ರಾಯರು.

ಕಾರ್ಖಾನೆಯ ಯಜಮಾನ ಕಾಂತಿಭಾಯಿ ನಮ್ಮ ಉಡುಪಿ ಶೆಟ್ಟರ ಹೋಟೆಲಿನ ನಿತ್ಯದ ಗಿರಾಕಿ. ಅಲ್ಲಿ ಅಡುಗೆಮನೆಯಿಂದ ‘ಆಯ್ತು’ ಎಂದು ಕೂಗು ಬಂದರೆ ದೋಸೆ ತಯಾರೆಂದೇ ಅರ್ಥ. ಅವರಿಗೆ ಗೊತ್ತಿದ್ದ ಕನ್ನಡ ಅಷ್ಟೇ. ಒಮ್ಮೆ ಅವರೆದುರು ಕುಳಿತಿದ್ದಾಗ ರಾಯರ ಫೋನು ಬಂತು: “ಆರು ತಿಂಗಳಿಗಿಂತ ಒಂದು ದಿನಾನೂ ಕಡಿಮೆ ಹೇಳ್ಬೇಡ, ತಿಳೀತಾ?”

“ಆಯ್ತು ಸಾರ್, ಆಯ್ತು,” ಎಂದೆ, ವಿನಯವೇ ಮೂರ್ತಿವೆತ್ತಂತೆ.

ಕಾಂತಿಭಾಯಿಯ ಮುಖ ಅರಳಿತು. ನನ್ನ ಬಾಯಿಗೆ ಪೇಡಾ ಇಟ್ಟರು. ಕಾರಣ ತಿಳಿದದ್ದು ವಾರದ ಮೇಲೆ. ಕಂಪ್ಯೂಟರಿನ ಕೆಲಸ ಮುಗಿದೇಹೋಯಿತೆಂದು ತಿಳಿದು, ಪ್ರತಿ ದೀಪಾವಳಿಗೆ ಸ್ಟೋರಿಗೆ ತರಿಸುವ ಹೊಸ ಕೆಂಪು ಲೆಕ್ಕದ ಪುಸ್ತಕಗಳು ಈ ಸಲ ಬೇಡವೆಂದು ಎಲ್ಲರೆದುರು ಸಾರಿಬಿಟ್ಟಿದ್ದರು! “ತಮೇ ಜ ತೋ ಕಹ್ಯುಂ, ಆಯ್ತು!” ನೀವೇ ತಾನೇ ಹೇಳಿದ್ದು ಎಂಬುದು ಅವರ ವಾದ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ ಅವರು. ಹಬ್ಬಕ್ಕೆ ಉಳಿದದ್ದು ಇಪ್ಪತ್ತೇ ದಿನ. ಅವರ ಮಾತು, ನನ್ನ ಕೆಲಸ, ಎರಡೂ ಹೋಗುವುದರಲ್ಲಿದ್ದವು.

ಬೈಗುಳಕ್ಕೆ ಸಿದ್ಧನಾಗಿಯೇ ರಾಯರಿಗೆ ಹೇಳಿದೆ. ಅವರು ಬೈಯಲಿಲ್ಲ. ತಮ್ಮ ದಪ್ಪ ಫೈಲಿನಲ್ಲಿ ಬೆರಳಾಡಿಸಿ, “ಡ್ರಮ್ಮು ಬಂದಿದ್ದು, ಹೋಗಿದ್ದು. ಇದಿಷ್ಟೇ ಮಾಡಿದ್ರೆ ಹದಿನೆಂಟು ದಿನ. ನಿನ್ನ ಅಜೈಲೇ ಆಗ್ಲಿ, ನಡಿ,” ಎಂದರು. ಹತ್ತೊಂಬತ್ತು ದಿನ ಹಿಡಿಯಿತು.

ದೀಪಾವಳಿಯ ರಜೆ ಮುಗಿದು ಲಾಭ ಪಂಚಮಿಯಂದು ಕಾರ್ಖಾನೆ ಮತ್ತೆ ಬಾಗಿಲು ತೆರೆಯಿತು. ಮೊದಲ ಡ್ರಮ್ಮು ಕಂಪ್ಯೂಟರಿನಲ್ಲಿ ದಾಖಲಾಗುತ್ತಿದ್ದಂತೆ ರಾಯರ ಫೋನು. “ಆಯ್ತು ಸಾರ್!” ಎಂದೆ, ಈ ಸಲ ಗಟ್ಟಿಯಾಗಿ. ಕಾಂತಿಭಾಯಿ ಪೇಡಾ ಹಿಡಿದು ಎದ್ದು ಬಂದರು. ಮೊದಲು ಬಗ್ಗಿ ಪರದೆ ನೋಡಿದರು. ಏನೇನು ಇದೆ, ಏನೇನು ಇಲ್ಲ ಎಂದು ವಿಚಾರಿಸಿದರು.

ಆಮೇಲೆ ಪೇಡಾ ಮುರಿದು, ಅರ್ಧ ಕೊಟ್ಟರು.