ಪರದೆಯ ಹೊರಗಿನ ಮೇಜು

ಮಹದೇವಮ್ಮ ಮನೆಯಲ್ಲಿ ಸ್ಟೌ ಹಚ್ಚುವುದನ್ನು ಬಿಟ್ಟದ್ದು ತಾಯಿ ತೀರಿಕೊಂಡ ವರ್ಷ, ತೊಂಬತ್ತೇಳರಲ್ಲಿ. ತನ್ನೊಬ್ಬಳಿಗಾಗಿ ಸಾರು ಕುದಿಸುವುದು ಆಕೆಗೆ ಹಿಂಸೆ. ಮದುವೆಯಾದವಳಲ್ಲ, ಸೊಸೈಟಿಯೊಂದರಲ್ಲಿ ಟೈಪಿಸ್ಟ್. ಸಂಜೆ ಕೆಲಸ ಮುಗಿಸಿ ವಿಜಯನಗರದ ಬಾಡಿಗೆ ಕೋಣೆಗೆ ಹೋಗುವ ಮೊದಲು ಬಸ್‌ಸ್ಟಾಪಿನ ಎದುರಿನ ಹೋಟೆಲಿಗೆ ಹೋಗುವುದು ರೂಢಿಯಾಯಿತು.

ಒಂಟಿ ಹೆಂಗಸು ಹಾಲ್‌ನಲ್ಲಿ ಕೂರುವುದುಂಟೇ? ಸಪ್ಲೈಯರ್ ಚೆಲುವರಾಜು ಮೊದಲ ದಿನವೇ ಪರದೆ ಸರಿಸಿ, "ಒಳಗ್ ಬನ್ನಿ ಅಮ್ಮ, ಫ್ಯಾಮಿಲಿ ರೂಮೈತೆ" ಎಂದು ಮರ್ಯಾದೆಯಿಂದ ಕೂರಿಸಿದ್ದ. ಆರು ಜನ ಕೂರುವ ಮೇಜು, ಒಂದು ಫ್ಯಾನು, ಈಕೆ. "ಏನಪ್ಪಾ ಇದೆ?" ಎಂದು ದಿನಾ ಕೇಳುತ್ತಿದ್ದಳು. ಅವನು ಉಸಿರು ಬಿಡದೆ, "ಮಸಾಲೆ, ಸೆಟ್ಟು, ರವೆ ಇಡ್ಲಿ, ಬಿಸಿಬೇಳೆಬಾತ್, ಪೂರಿ ಸಾಗು, ಮಂಗಳೂರು ಬಜ್ಜಿ" ಎಂದು ಒಪ್ಪಿಸುತ್ತಿದ್ದ. ಎಲ್ಲ ಕೇಳಿಯಾದ ಮೇಲೆ ದಿನಾ ಸೆಟ್ ದೋಸೆಯನ್ನೇ ಹೇಳುವಳು. ಆಫೀಸು ಬಿಟ್ಟ ಮೇಲೆ ಆಕೆಯೊಡನೆ ಅಷ್ಟುದ್ದ ಮಾತಾಡುವವನು ಅವನೊಬ್ಬನೇ.

ಪರದೆಯಾಚೆ ಹಾಲ್ ಗಿಜಿಗುಡುತ್ತಿತ್ತು. ಗುರುತು ಪರಿಚಯವಿಲ್ಲದವರು ಒಂದೇ ಮೇಜಿಗೆ ಕೂತು, "ಚಟ್ನಿ ಇನ್ನೊಂಚೂರು ಹಾಕುಸ್ಕೊಳ್ರೀ" ಎನ್ನುತ್ತ ಬೆಟ್ಟದ ಬಸ್ಸಿನಿಂದ ಮಗಳ ಬಾಣಂತನದವರೆಗೆ ಹರಟುತ್ತಿದ್ದರು. ಗಂಡಸರಿಗೆ ಇದೆಲ್ಲ ಎಷ್ಟು ಸಲೀಸು ನೋಡಿ! ಒಂದು ಕಾಫಿ ಮುಗಿಯುವುದರೊಳಗೆ ನೆಂಟರಾಗಿಬಿಡುತ್ತಾರೆ. ತನ್ನೆದುರಿಗೂ ಯಾರಾದರೂ ಕೂತು ತಿನ್ನಲಿ ಎಂಬ ಆಸೆ ಆಕೆಗೆ ಹುಟ್ಟಿತು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣ ಆಸೆ.

ಎರಡು ವರ್ಷ ತಡೆದಳು. ಒಂದು ಶನಿವಾರ ಚೆಲುವರಾಜು ಪರದೆ ಎತ್ತಿ ಹಿಡಿದಾಗ, "ಬೇಡ ಕಣಪ್ಪ, ಇವತ್ತು ಇಲ್ಲೇ ಕೂತ್ಕೋತೀನಿ" ಎಂದು ಹಾಲ್‌ನ ನಡುವಿನ ಮೇಜಿಗೆ ಕೂತೇಬಿಟ್ಟಳು. ಅವನು ಗಾಬರಿಯಾಗಿ ಒರೆಸಿದ ಮೇಜನ್ನೇ ಮತ್ತೆ ಒರೆಸಿದ.

ಹೋಟೆಲು ತುಂಬಿತ್ತು. ಒಳಬಂದವರು ಕುರ್ಚಿ ಕಂಡು ಹತ್ತಿರ ಬರುವರು, ಈಕೆಯನ್ನು ಕಂಡು ತಟ್ಟನೆ ಪಕ್ಕಕ್ಕೆ ತಿರುಗುವರು. ಬೇರೆ ಮೇಜುಗಳಲ್ಲಿ ಜನ ಒತ್ತರಿಸಿಕೊಂಡು ಕೂತರೂ ಈಕೆಯ ಸುತ್ತಲಿನ ಮೂರು ಕುರ್ಚಿ ಹಾಗೇ ಉಳಿದವು. ಕೈಚೀಲ ಹಿಡಿದ ಮುದುಕರೊಬ್ಬರು ಗೋಡೆಗೊರಗಿ ಕಾಯುತ್ತಿದ್ದರು. ಮಹದೇವಮ್ಮ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಧೈರ್ಯ ಮಾಡಿ, "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ, ಜಾಗ ಇದೆಯಲ್ಲ" ಎಂದಳು.

ಅವರು ಕೈಮುಗಿದೇಬಿಟ್ಟರು. "ಪರ್ವಾಗಿಲ್ಲ ತಾಯಿ, ನೀವು ಆರಾಮಾಗಿ ತಿನ್ನಿ."

ಗೌರವ ಕೊಡುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ ಬಿಡಿ. ಮಹದೇವಮ್ಮ ತಲೆ ತಗ್ಗಿಸಿ ದೋಸೆ ಮುರಿದಳು. ಆಕೆ ತಿಂದು ಏಳುವವರೆಗೂ ಅವರು ನಿಂತೇ ಇದ್ದರು.